ಬಿಎಸ್‌ಸಿ ವಿದ್ಯಾರ್ಥಿಯ ಹಕ್ಕುಗಳು: ಮೂಲ ಅಂಕಪಟ್ಟಿಯಿಂದ ಉತ್ತರಪತ್ರಿಕೆಯವರೆಗೆ

ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳಿಗೆ ಬೇಸಿಗೆ ರಜೆಯ ಕೊನೆ ಬಲು ಇಕ್ಕಟ್ಟಿನ ಕಾಲ. ನೀಟ್ ಫಲಿತಾಂಶ, ಸಿಇಟಿ ಸೀಟು ಹಂಚಿಕೆ ಎಂದು ಕಾಯುತ್ತ ಕೂತರೆ ಒಳ್ಳೆಯ ಕಾಲೇಜಿನ ಬಿಎಸ್‌ಸಿ ಸೀಟು ಕೈತಪ್ಪುತ್ತದೆ. ಹೀಗಾಗಿ ಎಷ್ಟೋ ಮಂದಿ ಮೊದಲು ಬಿಎಸ್‌ಸಿಗೆ ಫೀಸು ಕಟ್ಟಿ ಸೇರಿಬಿಡುತ್ತಾರೆ. ಆಮೇಲೆ ಇಂಜಿನಿಯರಿಂಗೋ ಕೃಷಿ ವಿಜ್ಞಾನವೋ ಸಿಕ್ಕಿ, ಬಿಡಿಸಿಕೊಂಡು ಹೋಗಲು ಬಂದರೆ ಕೆಲವು ಖಾಸಗಿ ಕಾಲೇಜುಗಳ ಕಚೇರಿಯಲ್ಲಿ ಸಿಗುವ ಉತ್ತರ: ‘ಮೂರು ವರ್ಷದ ಫೀಸು ಪೂರ್ತಿ ಕಟ್ಟಿ, ಆಮೇಲೆ ಮಾರ್ಕ್ಸ್‌ಕಾರ್ಡ್ ತಗೊಂಡು ಹೋಗಿ.’

ಹೀಗೆ ಕೇಳಲು ಕಾಲೇಜಿಗೆ ಅಧಿಕಾರವಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ವಿದ್ಯಾರ್ಥಿಯ ಕೈಗೆ ವಾಪಸ್ ಕೊಡಬೇಕು. ಸ್ವಯಂ ದೃಢೀಕರಿಸಿದ ಜೆರಾಕ್ಸ್ ಪ್ರತಿಗಳನ್ನಷ್ಟೇ ಕಾಲೇಜು ಇಟ್ಟುಕೊಳ್ಳಬಹುದು. ಫೀಸನ್ನೂ ಓದಲಿರುವ ಸೆಮಿಸ್ಟರ್ ಅಥವಾ ವರ್ಷದ್ದಷ್ಟೇ ಮುಂಗಡವಾಗಿ ಪಡೆಯಬಹುದು. ಮೂರು ವರ್ಷದ್ದನ್ನು ಒಟ್ಟಿಗೆ ಕೇಳುವಂತಿಲ್ಲ.

ಮರುಪಾವತಿಯ ಲೆಕ್ಕ ನಿಲ್ಲುವುದು ಪ್ರವೇಶದ ಅಧಿಕೃತ ಕೊನೆಯ ದಿನಾಂಕದ ಮೇಲೆ. ಆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಅರ್ಜಿ ಕೊಟ್ಟರೆ ಪೂರ್ತಿ ಹಣ ವಾಪಸ್ ಬರಬೇಕು. ಆಗಲೂ ಸಂಸ್ಕರಣಾ ವೆಚ್ಚವೆಂದು ಶುಲ್ಕದ ಶೇ 5ರವರೆಗೆ, ಹೆಚ್ಚೆಂದರೆ 5,000 ರೂಪಾಯಿ ಹಿಡಿದುಕೊಳ್ಳಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90. ಕೊನೆಯ ದಿನ ಕಳೆದು 15 ದಿನದೊಳಗಾದರೆ ಶೇ 80, ಅದಾದ ಮೇಲೆ 30ನೇ ದಿನದವರೆಗೆ ಶೇ 50. ಆನಂತರ ಏನೂ ಇಲ್ಲ. ಲಿಖಿತ ಅರ್ಜಿ ತಲುಪಿದ 15 ದಿನದೊಳಗೆ ಹಣ ಕೊಡಬೇಕು. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವನ್ನೂ ಪ್ರಕಟಿಸಿದೆ. 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಶುಲ್ಕ ಹಿಂದಿರುಗಿಸುವಂತೆ ಹೇಳಿತ್ತು. ಆದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನು ಮೊದಲು ನೋಡಿ. ವಿಜ್ಞಾನದ ಮಕ್ಕಳು ಮರೆತೇಬಿಡುವ ಇನ್ನೊಂದು ಬಾಬತ್ತಿದೆ, ಅದು ಠೇವಣಿ. ಪ್ರಯೋಗಾಲಯದ ಹೆಸರಿನಲ್ಲಿ ಕಟ್ಟಿದ ಠೇವಣಿ ಶುಲ್ಕದ ಭಾಗವಲ್ಲ. ಅದು ಪೂರ್ತಿ ವಾಪಸ್ ಬರಬೇಕಾದ ಹಣ.

ಈಗ ಪರೀಕ್ಷೆಯ ವಿಷಯ. ಅತಿ ಹೆಚ್ಚು ನೋವು, ಅತಿ ಹೆಚ್ಚು ತಪ್ಪು ತಿಳಿವಳಿಕೆ ಎರಡೂ ಇರುವುದು ಇಲ್ಲಿ.

ಭೌತಶಾಸ್ತ್ರದ ಪತ್ರಿಕೆಯಲ್ಲಿ ಲೆಕ್ಕವೆಲ್ಲ ಸರಿ ಮಾಡಿದ್ದರೂ ಫೇಲಾಗಿದ್ದೇನೆ ಎನ್ನುವವರು ಸಾಮಾನ್ಯವಾಗಿ ನೇರವಾಗಿ ಮರುಮೌಲ್ಯಮಾಪನಕ್ಕೆ ಹಣ ಕಟ್ಟುತ್ತಾರೆ. ನನ್ನ ಸಲಹೆ, ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿಕೊಳ್ಳಿ. ಒಂದು ಉತ್ತರಕ್ಕೆ ಅಂಕವನ್ನೇ ಹಾಕಿಲ್ಲವೋ, ಕೂಡಿಸುವಾಗ ತಪ್ಪಾಗಿದೆಯೋ, ನಿಜಕ್ಕೂ ಉತ್ತರವೇ ತಪ್ಪೋ ಎಂದು ವಿಷಯ ಗೊತ್ತಿರುವ ಮೇಷ್ಟ್ರಿಗೆ ತೋರಿಸಿ ತಿಳಿದುಕೊಳ್ಳಿ. ಕೂಡಿಸುವ ತಪ್ಪಾದರೆ ಮರುಎಣಿಕೆಯೇ ಸಾಕು, ಅದರ ಶುಲ್ಕವೂ ಕಡಿಮೆ. ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಯಾವ ಅಂಕ ಊರ್ಜಿತವಾಗುತ್ತದೆ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಓದಿಯೇ ಹಣ ಕಟ್ಟಿ.

ಪ್ರತಿ ಪಡೆಯುವುದು ವಿಶ್ವವಿದ್ಯಾಲಯ ತೋರುವ ದಯೆಯೇನಲ್ಲ. ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಮೌಲ್ಯಮಾಪನವಾದ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ‘ಮಾಹಿತಿ’ಯೇ ಆಗುತ್ತದೆ, ಬರೆದವರಿಗೆ ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ ಎಂದು ಸ್ಪಷ್ಟವಾಗಿ ತೀರ್ಪಿತ್ತಿದೆ. ಮೌಲ್ಯಮಾಪಕರ ಹೆಸರು, ಸಹಿಯನ್ನು ಮರೆಮಾಡಿ ಕೊಡಬಹುದು, ಅದು ನ್ಯಾಯವೇ. ಪ್ರತಿಗೆ ಸಂಸ್ಥೆಯ ನಿಯಮದಲ್ಲಿ ಹೆಚ್ಚಿನ ಶುಲ್ಕವಿದ್ದರೂ, ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಆ ಕಾಯ್ದೆಯ ಶುಲ್ಕವೇ ಅನ್ವಯ ಎಂದು ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣದಲ್ಲಿ 2019ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕವಿಲ್ಲ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರಿಗೆ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಇಲ್ಲಿ ಮೂರು ಎಚ್ಚರಿಕೆ ಬೇಕು. ಉತ್ತರಪತ್ರಿಕೆಯನ್ನು ವಿಶ್ವವಿದ್ಯಾಲಯ ಇಟ್ಟುಕೊಳ್ಳಬೇಕಾದ ಅವಧಿ ಇರುವವರೆಗೆ ಮಾತ್ರ ಈ ಹಕ್ಕು, ಆದ್ದರಿಂದ ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಹಾಕಿ. ಮಾಹಿತಿ ಅರ್ಜಿ ಕೊಟ್ಟಿದ್ದೇನೆ ಎಂದು ಮರುಮೌಲ್ಯಮಾಪನದ ಗಡುವು ನಿಲ್ಲುವುದೂ ಇಲ್ಲ. ಗಡುವು ಹತ್ತಿರವಿದ್ದರೆ ವಿಶ್ವವಿದ್ಯಾಲಯದ್ದೇ ಫೋಟೊಕಾಪಿ ವ್ಯವಸ್ಥೆ ಬಳಸುವುದು ಜಾಣತನ, ನಾಲ್ಕು ಕಾಸು ಹೆಚ್ಚಾದರೂ ಸರಿ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ.

ಪ್ರಾಕ್ಟಿಕಲ್ ಅಂಕದ ಕಥೆ ಬೇರೆ. ಟೈಟ್ರೇಶನ್‌ನ ಕೊನೆಯ ಬಿಂದುವನ್ನಾಗಲಿ ಸೂಕ್ಷ್ಮದರ್ಶಕದಡಿಯ ಸ್ಲೈಡನ್ನಾಗಲಿ ಮರುದಿನ ಮತ್ತೆ ಮೌಲ್ಯಮಾಪನ ಮಾಡಲಾಗದು. ಉಳಿಯುವ ಸಾಕ್ಷಿ ಎಂದರೆ ದಿನಾಂಕ, ಸಹಿ ಇರುವ ರೆಕಾರ್ಡ್ ಪುಸ್ತಕ. ಪ್ರತಿ ಪ್ರಯೋಗಕ್ಕೂ ಅಂದಂದೇ ಸಹಿ ಹಾಕಿಸಿ, ಒಪ್ಪಿಸುವ ಮುನ್ನ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆಂತರಿಕ ಅಂಕವನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲೇ ನೋಡಿ, ತಕರಾರಿದ್ದರೆ ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಕೊಡಿ. ಹಾಜರಾತಿಗೂ ಇದೇ ಮಾತು. ಶೇ 75 ಸಾಮಾನ್ಯ ನಿಯಮ, ಕಾಯಿಲೆಯಾದಾಗಲೇ ವೈದ್ಯರ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ಹಾಲ್‌ಟಿಕೆಟ್ ತಡೆದ ದಿನ ಹೋದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ದೂರು ಕೊಡುವುದೆಲ್ಲಿ? ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಇರುತ್ತಾರೆ. ದಾಖಲೆ ತಡೆಹಿಡಿದದ್ದು, ಶುಲ್ಕ ವಾಪಸ್ ಕೊಡದ್ದು, ವಿದ್ಯಾರ್ಥಿವೇತನ ವಿಳಂಬ, ಪರೀಕ್ಷೆ ಮತ್ತು ಫಲಿತಾಂಶದ ವಿಳಂಬ, ಜಾತಿ ಅಥವಾ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ದೂರು ತನಗೆ ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ, ಅಲ್ಲಿ 30 ದಿನದಲ್ಲಿ ಇತ್ಯರ್ಥ. ಆದರೆ ಬರೀ ‘ಅಂಕ ಕಡಿಮೆ’ ಎಂದರೆ ಅವರು ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸಿದ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಕಾಲೇಜಿನಲ್ಲಿ ಇಂಥ ಸಮಿತಿಯೇ ಇಲ್ಲ ಎಂದರೆ ಅದನ್ನೇ ದೂರಾಗಿ ಕುಲಸಚಿವರಿಗೆ ಬರೆಯಿರಿ.

ಅಂಗವಿಕಲ ವಿದ್ಯಾರ್ಥಿಗಳಿಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 32ನೇ ಸೆಕ್ಷನ್ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಕಾದಿರಿಸಿದೆ. ಲ್ಯಾಬ್ ಇದೆ, ನಿಮಗೆ ವಿಜ್ಞಾನ ಬೇಡ ಎಂದು ಯಾರಾದರೂ ಕಳಿಸಿಬಿಟ್ಟರೆ ಆ ಮಾತನ್ನು ಬರವಣಿಗೆಯಲ್ಲಿ ಕೊಡಲು ಕೇಳಿ. ಅಂಥ ಪತ್ರ ಕೊಡುವ ಧೈರ್ಯ ಹೆಚ್ಚಿನ ಕಚೇರಿಗಳಿಗೆ ಇರುವುದಿಲ್ಲ.

ಗ್ರಾಹಕರ ಆಯೋಗಕ್ಕೆ ಹೋಗುವ ಮುನ್ನ ವಕೀಲರನ್ನು ಕೇಳಿ. ಪರೀಕ್ಷೆ, ಪದವಿಯ ವಿಚಾರದಲ್ಲಿ ವಿಶ್ವವಿದ್ಯಾಲಯ ಸೇವೆ ಮಾರುವ ಅಂಗಡಿಯಲ್ಲ ಎಂಬ ನಿಲುವು ಸುಪ್ರೀಂ ಕೋರ್ಟ್‌ನದು. ಕೊನೆಯ ದಾರಿ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠಗಳಿವೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಅರ್ಜಿಗಳ ಸ್ವೀಕೃತಿ, ಅಂಚೆ ರಸೀದಿ, ಫೀಸಿನ ರಸೀದಿ ಮೂರನ್ನೂ ಜೊತೆಗೊಯ್ಯಿರಿ.