ಮನೆಯಲ್ಲಿ ಮೊಲದ ಸಾಕಣೆ: ಶಿರಾ ಸೀಮೆಯ ರೈತರಿಗೆ ಕೆಲವು ಸೂಚನೆಗಳು

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ತುಮಕೂರು ಜಿಲ್ಲೆಯ ಒಣಭೂಮಿಗೆ ಸೇರಿದವುಗಳು. ಇಲ್ಲಿ ಮಳೆಯು ಅಲ್ಪ. ರಾಗಿ, ಕಡಲೆಕಾಯಿಗಳ ಬೇಸಾಯದೊಡನೆ ಕುರಿ ಮೇಕೆಗಳನ್ನು ಸಾಕಿ ಜೀವನ ನಡೆಸುವುದು ಇಲ್ಲಿ ಪೂರ್ವದಿಂದ ಬಂದ ಪದ್ಧತಿಯಾಗಿರುತ್ತದೆ. ಮಂದೆಯನ್ನು ಮೇಯಿಸಲು ಆಳಿಲ್ಲದ ಮನೆಯವರೂ, ಹೊಲವಿಲ್ಲದವರೂ ಹಿತ್ತಲಿನಲ್ಲಿಯೇ ನಾಲ್ಕಾರು ಮೊಲಗಳನ್ನು ಸಾಕಬಹುದು. ಆದರೆ ಈ ಸೀಮೆಯ ಬೇಸಗೆಯ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಲಸಕ್ಕೆ ಕೈ ಹಾಕಿದವರು ಒಂದೇ ಚೈತ್ರಮಾಸದಲ್ಲಿ ಹಾಕಿದ ಹಣವನ್ನೆಲ್ಲಾ ಕಳೆದುಕೊಳ್ಳುವ ಸಂಭವವುಂಟು. ಆದಕಾರಣ ಇಲ್ಲಿಯ ಹವಕ್ಕೆ ಒಪ್ಪುವ ಕ್ರಮವನ್ನು ಕೆಳಗೆ ವಿವರಿಸಲಾಗಿದೆ.

ಕಾಡುಮೊಲವೂ ಸಾಕುಮೊಲವೂ

ನಮ್ಮ ಹೊಲಗಳಲ್ಲಿ ಕಾಣುವ ಕಾಡುಮೊಲವೂ ಗೂಡಿನಲ್ಲಿ ಸಾಕುವ ಮೊಲವೂ ಒಂದೇ ಜಾತಿಯೆಂದು ಭಾವಿಸಬಾರದು. ಕಾಡುಮೊಲದ ಮರಿಯು ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ಕೂದಲುಳ್ಳದ್ದಾಗಿರುತ್ತದೆ. ಸಾಕುಮೊಲದ ಮರಿಯಾದರೋ ಕಣ್ಣು ಮುಚ್ಚಿಕೊಂಡು ಬೋಳು ಮೈಯಿಂದ ಹುಟ್ಟುತ್ತದೆ. ಇವೆರಡೂ ಕೂಡಿ ಸಂತತಿಯಾಗುವುದಿಲ್ಲ. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಕಾಡುಮೊಲವು ರಕ್ಷಿತವಾಗಿರುವುದರಿಂದ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಸಾಕುಮೊಲವನ್ನು ಹೊಲಕ್ಕೆ ಬಿಡುವುದೂ ತಪ್ಪು. 1859ರಲ್ಲಿ ಆಸ್ಟ್ರೇಲಿಯಾ ಖಂಡದಲ್ಲಿ ಬೇಟೆಗೆಂದು ಬಿಟ್ಟ ಕೆಲವೇ ಮೊಲಗಳು ಬೆಳೆದು ಆ ದೇಶದ ಪೈರುಪಚ್ಚೆಗಳಿಗೆ ಮಹಾಪೀಡೆಯಾದುದು ಲೋಕಪ್ರಸಿದ್ಧವಾಗಿದೆ.

ತಳಿಗಳು

ಮಾಂಸಕ್ಕಾಗಿ ಸಾಕುವವರಿಗೆ ನ್ಯೂಜಿಲೆಂಡ್ ವೈಟ್, ಸೋವಿಯೆಟ್ ಚಿಂಚಿಲ್ಲಾ, ವೈಟ್ ಜೈಂಟ್, ಗ್ರೇ ಜೈಂಟ್ ಎಂಬ ತಳಿಗಳು ಉಚಿತವಾದವು. ಉಣ್ಣೆ ಕೊಡುವ ಅಂಗೋರಾ ತಳಿಗೆ ತಂಪು ದೇಶವೇ ಬೇಕಾಗಿರುವುದರಿಂದ ಅದು ಶಿರಾ ಸೀಮೆಗೆ ತಕ್ಕುದಲ್ಲ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಮೊಲಗಳ ವಿಷಯದಲ್ಲಿಯೂ ಕೆಲಸ ಮಾಡುತ್ತಿದೆ; ಅದರ ದಕ್ಷಿಣದ ಶಾಖೆಯು ಕೊಡೈಕನಾಲಿನ ಬಳಿಯ ಮನ್ನವನೂರಿನಲ್ಲಿದೆ. ಅಂಥ ತಂಪು ಬೆಟ್ಟದಿಂದ ತರುವವರು ಮಳೆಗಾಲದಲ್ಲಿ ತರುವುದು ಕ್ಷೇಮ.

ಗೂಡು

ಗೂಡಿನ ಮನೆಯು ಪೂರ್ವಪಶ್ಚಿಮವಾಗಿ ಉದ್ದವಿರತಕ್ಕದ್ದು. ಹೀಗಿದ್ದರೆ ಬಿಸಿಲು ಒಳಕ್ಕೆ ಬೀಳುವುದು ಕಡಿಮೆ. ಹೊಂಗೆಯ ಅಥವಾ ಬೇವಿನ ನೆರಳು ದೊರೆತರೆ ಉತ್ತಮ. ಬರಿಯ ತಗಡಿನ ಮಾಡು ಸರ್ವಥಾ ಕೂಡದು. ತೆಂಗಿನ ಗರಿಯ ಹೊದಿಕೆಯೇ ಲೇಸು. ದೊಡ್ಡ ಮೊಲ ಒಂದಕ್ಕೆ ಎರಡೂವರೆ ಅಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಪ್ರತ್ಯೇಕ ಗೂಡನ್ನು ನೆಲದಿಂದ ಎರಡು ಮೂರು ಅಡಿ ಮೇಲೆ ಇಡಬೇಕು. ತಳಕ್ಕೆ ಹಿಕ್ಕೆಯು ಕೆಳಗೆ ಬೀಳುವಂಥ ಸಣ್ಣ ಕಣ್ಣಿನ ತಂತಿಬಲೆಯನ್ನು ಹಾಕಿ, ಒಂದು ಮೂಲೆಯಲ್ಲಿ ಹಲಗೆಯ ತುಂಡನ್ನಿಟ್ಟರೆ ಪಾದಗಳಿಗೆ ಹುಣ್ಣಾಗುವುದು ತಪ್ಪುತ್ತದೆ. ನಾಯಿ, ಬೆಕ್ಕು, ಹಾವು, ಇಲಿಗಳು ಒಳಹೊಗದಂತೆ ಭದ್ರಪಡಿಸಬೇಕು.

ಆಹಾರ

ದೊಡ್ಡ ಮೊಲಕ್ಕೆ ದಿನವೊಂದಕ್ಕೆ ಸುಮಾರು 250 ಗ್ರಾಂ ಹಸಿರು ಮೇವೂ, 100 ಗ್ರಾಂ ತಿಂಡಿಯೂ ಬೇಕು. ಹಾಲೂಡುವ ತಾಯಿಗೆ ತಿಂಡಿಯನ್ನು 150 ಗ್ರಾಂಗೆ ಏರಿಸಬೇಕು. ಕುದುರೆಮಸಾಲೆ ಸೊಪ್ಪು, ಅಲಸಂದೆ, ಅಗಸೆಸೊಪ್ಪು, ಔಷಧಿ ಸಿಂಪಡಿಸದ ಹಿಪ್ಪುನೇರಳೆ ಎಲೆ ಇವು ಒಳ್ಳೆಯ ಮೇವುಗಳು. ಒಣಗಿದ ಕಡಲೆಕಾಯಿ ಬಳ್ಳಿಯೂ ಆಗುತ್ತದೆ. ತಿಂಡಿಗೆ ಮುಸುಕಿನ ಜೋಳದ ನುಚ್ಚು, ಬೂಸಾ, ಹಿಂಡಿ, ಸ್ವಲ್ಪ ಉಪ್ಪು ಬೆರಸಬಹುದು. ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದುಂಟು: ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಹುಟ್ಟುವ ವಿಷವು ಮೊಲದ ಪಿತ್ತಕೋಶ ಯಕೃತ್ತುಗಳನ್ನು ಕೆಡಿಸಿ ಕೊಲ್ಲುತ್ತದೆ, ಆದ್ದರಿಂದ ಮುಗ್ಗಲು ವಾಸನೆಯುಳ್ಳ ಹಿಂಡಿಯನ್ನು ಹಾಕಲೇಬಾರದು. ಮೊಲವು ತನ್ನ ಮೆದುವಾದ ಹಿಕ್ಕೆಯನ್ನು ತಾನೇ ತಿನ್ನುವುದು ರೋಗವಲ್ಲ. ಅದು ಮೇವಿನ ಸತ್ವವನ್ನು ಪೂರ್ಣವಾಗಿ ಪಡೆಯುವ ಸಹಜ ರೀತಿಯಾಗಿರುತ್ತದೆ.

ಮರಿ ಮಾಡಿಸುವ ಕಾಲ

ಹೆಣ್ಣನ್ನು ಆರು ತಿಂಗಳಿಗೆ, ಗಂಡನ್ನು ಏಳು ತಿಂಗಳಿಗೆ ಸಂತಾನಕ್ಕೆ ಉಪಯೋಗಿಸಬಹುದು. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಅದು ಕಾದಾಡಿ ಕಚ್ಚುವುದುಂಟು. ಗರ್ಭದ ಅವಧಿ ಸುಮಾರು 31 ದಿನ. ಈ ಸೀಮೆಗೆ ಕೆಳಗಿನ ಪಂಚಾಂಗವು ಅನುಕೂಲವಾದೀತು.

ಜುಲೈ 1ರಂದು ಕೂಡಿಸಿದರೆ ಆಗಸ್ಟ್ 1ರ ಸುಮಾರಿಗೆ ಮರಿಗಳಾಗುತ್ತವೆ. ಸೆಪ್ಟೆಂಬರ್ 10ಕ್ಕೆ ಹಾಲು ಬಿಡಿಸಬಹುದು. ಸೆಪ್ಟೆಂಬರ್ 15ರಂದು ಪುನಃ ಕೂಡಿಸಿದರೆ ಅಕ್ಟೋಬರ್ 16ಕ್ಕೆ ಎರಡನೆಯ ಸಲ, ಡಿಸೆಂಬರ್ 1ರಂದು ಕೂಡಿಸಿದರೆ ಜನವರಿ 1ಕ್ಕೆ ಮೂರನೆಯ ಸಲ ಮರಿಗಳಾಗುತ್ತವೆ. ಸಲಕ್ಕೆ 6 ಮರಿಗಳು ಉಳಿದರೆ ಒಂದು ತಾಯಿಯಿಂದ 18 ಮರಿಗಳಾದವು. ಕಡೆಯ ಮರಿಗಳೂ ಮಾರ್ಚ್ ಅಂತ್ಯದೊಳಗೆ ಮಾರಾಟಕ್ಕೆ ಬರುತ್ತವೆ. ಮಾರ್ಚಿಯಿಂದ ಮೇ ಮುಗಿಯುವವರೆಗೆ ತಾಯಿಗೆ ವಿಶ್ರಾಂತಿ ಕೊಡತಕ್ಕದ್ದು. ಆ ಕಾಲದ ಸೆಕೆಯಿಂದ ಗಂಡಿನ ವೀರ್ಯಶಕ್ತಿಯೂ ಕೆಲಕಾಲ ಕುಂದುತ್ತದೆ, ಎಳೆಮರಿಗಳೂ ಸಾಯುತ್ತವೆ.

ಕೂಡಿಸಿದ 26ನೆಯ ದಿನ, ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಯೊಂದನ್ನು ಗೂಡಿನಲ್ಲಿಡಬೇಕು. ತಾಯಿಯು ತನ್ನ ಮೈಗೂದಲನ್ನು ಕಿತ್ತು ಹಾಸಿಗೆ ಮಾಡುತ್ತದೆ. ಮರಿಗಳಾದ ಮೇಲೆ ಸತ್ತವುಗಳನ್ನು ತೆಗೆದುಹಾಕಿ, ತಾಯಿಯನ್ನು ಗದ್ದಲವಿಲ್ಲದೆ ಬಿಟ್ಟುಬಿಡಬೇಕು. ತಾಯಿಯು ದಿನಕ್ಕೆ ಒಂದೆರಡು ಸಲ ಮಾತ್ರ, ಕೆಲವೇ ನಿಮಿಷ ಹಾಲೂಡುವುದರಿಂದ ಮರಿಗಳನ್ನು ತೊರೆದಿತೆಂದು ಗಾಬರಿಪಡುವ ಕಾರಣವಿಲ್ಲ; ಮರಿಗಳ ಹೊಟ್ಟೆ ದುಂಡಗಿದ್ದರೆ ಸರಿ. ಹತ್ತು ಹನ್ನೆರಡು ದಿನಗಳಿಗೆ ಕಣ್ಣು ತೆರೆಯುತ್ತವೆ. ಮೂರು ವಾರಕ್ಕೆ ಪೆಟ್ಟಿಗೆಯಿಂದ ಹೊರಬರುತ್ತವೆ.

ಸೆಕೆಯ ಪರಿಹಾರ

ಮೊಲಕ್ಕೆ ಮೈ ಬೆವರುವುದಿಲ್ಲ. ದೇಹದ ಕಾವು ಕಿವಿಗಳ ಮೂಲಕವೂ ಉಸಿರಿನ ಮೂಲಕವೂ ಹೊರಹೋಗಬೇಕು. ಏದುಸಿರು, ಬಾಯಿ ಒದ್ದೆಯಾಗುವಿಕೆ, ಮೈಚಾಚಿ ಮಲಗುವಿಕೆ ಇವು ಅಪಾಯದ ಚಿಹ್ನೆಗಳು. ಅಂಥ ಮೊಲವನ್ನು ಕೂಡಲೇ ಗಾಳಿಯಾಡುವ ನೆರಳಿಗೊಯ್ದು, ತಣ್ಣೀರಿನ ಬಟ್ಟೆಯಿಂದ ಕಿವಿಗಳನ್ನು ಒರಸಬೇಕು, ನೀರಿನಲ್ಲಿ ಮುಳುಗಿಸಬಾರದು. ಮಧ್ಯಾಹ್ನದಲ್ಲಿ ಗೂಡಿನ ಸುತ್ತ ಒದ್ದೆ ಗೋಣಿತಾಟುಗಳನ್ನು ಗಾಳಿಗೆ ಅಡ್ಡಿಯಾಗದಂತೆ ಕಟ್ಟಬೇಕು. ಮಣ್ಣಿನ ಕುಡಿಕೆಯಲ್ಲಿ ಶುದ್ಧ ನೀರು ಯಾವಾಗಲೂ ಇರತಕ್ಕದ್ದು. ಮೇವಿನ ಹೆಚ್ಚು ಭಾಗವನ್ನು ಸಾಯಂಕಾಲವೇ ಹಾಕಬೇಕು.

ರೋಗಗಳು

ಕಿವಿಯೊಳಗೆ ಹಕ್ಕಳೆಗಟ್ಟುವುದು ನುಸಿಯಿಂದಾದ ಕಜ್ಜಿ. ಹಾಲು ಬಿಟ್ಟ ಮರಿಗಳಲ್ಲಿ ಭೇದಿಯು ಗೂಡಿನ ತೇವ, ಕೊಳೆಗಳಿಂದ ಹರಡುತ್ತದೆ. ಸೀನುತ್ತ ಮೂಗು ಸುರಿಸುವ ಮೊಲವು ಉಳಿದವುಗಳಿಗೂ ರೋಗ ಹಚ್ಚುವುದು. ಇವುಗಳನ್ನು ಬೇರ್ಪಡಿಸಿ, ಸಮೀಪದ ಪಶುವೈದ್ಯ ಆಸ್ಪತ್ರೆಯಲ್ಲಿ ತೋರಿಸತಕ್ಕದ್ದು. ಮೊಲವನ್ನು ಕಿವಿ ಹಿಡಿದು ಎತ್ತದೆ, ಕತ್ತಿನ ಸಡಿಲು ಚರ್ಮವನ್ನು ಹಿಡಿದು ಹಿಂಭಾಗಕ್ಕೆ ಕೈಯಾಸರೆ ಕೊಡಬೇಕು.

ಕೊನೆಯ ಮಾತು

ಮೊದಲನೆಯ ವರ್ಷದಲ್ಲಿ ಒಂದು ಗಂಡು, ಎರಡು ಹೆಣ್ಣುಗಳಿಗಿಂತ ಹೆಚ್ಚು ಕೊಳ್ಳುವುದು ಹಿತವಲ್ಲ. ಮರಿಗಳನ್ನು ಯಾರು ಕೊಳ್ಳುವರೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಸಂತೆಯಲ್ಲಿ ಕುರಿಗೆ ಗಿರಾಕಿ ಇರುವಂತೆ ಮೊಲಕ್ಕೆ ಎಲ್ಲೆಡೆಯೂ ಇರುವುದಿಲ್ಲ. ಕೂಡಿಸಿದ ದಿನ, ಹುಟ್ಟಿದ ಮರಿ, ಸತ್ತ ಮರಿ, ಮೇವಿನ ಖರ್ಚು ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಬೇಸಗೆಯನ್ನು ನಷ್ಟವಿಲ್ಲದೆ ದಾಟಿದ ಮನೆಯವರು ಮಾತ್ರ ಗೂಡುಗಳನ್ನು ಹೆಚ್ಚಿಸಿಕೊಳ್ಳುವುದು ಯುಕ್ತ.