ನಾಲ್ಕು ಪಿಕ್ಸೆಲ್ ಕೂಡಿದರೆ ಕತ್ತಲೆಯ ವಿಡಿಯೊ ತಿಳಿಯಾಗುವ ಬಗೆ

ಶ್ರಾವಣದಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಲರಥೋತ್ಸವವನ್ನು ಮೊಬೈಲಿನಲ್ಲಿ ಹಿಡಿದವರಿಗೆ ಈ ತೊಡಕು ಗೊತ್ತು. ದೀಪ ಹೊತ್ತ ತೇರು ವಿಡಿಯೊದಲ್ಲಿ ಝಗಝಗಿಸುತ್ತದೆ, ಸುತ್ತ ಕೈಮುಗಿದು ನಿಂತವರ ಮುಖಗಳು ಕತ್ತಲಲ್ಲಿ ಕರಗಿಹೋಗಿರುತ್ತವೆ. ಬ್ರೈಟ್‌ನೆಸ್ ಏರಿಸಿ ನೋಡಿ: ಮುಖಕ್ಕಿಂತ ಮೊದಲು ನಾಯ್ಸ್, ಅಂದರೆ ಮರಳಿನಂಥ ಕಾಳುಕಾಳು, ಎದ್ದು ಬರುತ್ತದೆ.

ಈ ಕಾಳು ಎಲ್ಲಿಂದ ಬಂತು? ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಂಗಳಕ್ಕೆ ನಾಲ್ಕು ಒಂದೇ ಅಳತೆಯ ಬೋಗುಣಿ ಇಟ್ಟರೆ, ಒಂದು ನಿಮಿಷದಲ್ಲಿ ನಾಲ್ಕರಲ್ಲೂ ಸರಿಸಮ ಹನಿ ಬೀಳುವುದಿಲ್ಲ. ಬೆಳಕಿನ ಕಣಗಳೂ ಹಾಗೆಯೇ. ಕತ್ತಲಲ್ಲಿ ಒಂದೊಂದು ಪಿಕ್ಸೆಲ್‌ಗೆ ಬೀಳುವ ಕಣಗಳೇ ಕಡಿಮೆ. ಹಾಗಾಗಿ ಆ ಏರುಪೇರು ಕಣ್ಣಿಗೆ ಕಾಣುತ್ತದೆ. ಕ್ಯಾಮೆರಾದ ವಿದ್ಯುನ್ಮಾನವೂ ತನ್ನ ಪಾಲಿನ ನಾಯ್ಸ್ ಸೇರಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ 3840 × 2160 ಪಿಕ್ಸೆಲ್‌ಗಳಿವೆ, ಫುಲ್ ಎಚ್‌ಡಿಯಲ್ಲಿ 1920 × 1080. ಅಂದರೆ 4ಕೆ ವಿಡಿಯೊವನ್ನು ಫುಲ್ ಎಚ್‌ಡಿಗೆ ಕುಗ್ಗಿಸಿದರೆ ಹಳೆಯ ನಾಲ್ಕು ಪಿಕ್ಸೆಲ್‌ಗೆ ಹೊಸದು ಒಂದು. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳ ಬೆಳಕು 9, 13, 8, 12 ಎಂದಿದ್ದರೆ ಒಟ್ಟು 42. ಬೆಳಕು ನಾಲ್ಕು ಪಟ್ಟಾಯಿತು. ನಾಯ್ಸ್ ಮಾತ್ರ ಎರಡೇ ಪಟ್ಟು, ಏಕೆಂದರೆ ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಛಾಯಾಗ್ರಾಹಕರ ಮಾತಿನಲ್ಲಿ ಎರಡು ಸ್ಟಾಪ್ ಬೆಳಕು (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಬದಲಿಗೆ ನೀವು ಕೊಡುವುದು ಸೂಕ್ಷ್ಮ ವಿವರವನ್ನು. ಮೊಬೈಲಿನಲ್ಲಿ ನೋಡುವ ವಿಡಿಯೊಗೆ ಇದು ಒಳ್ಳೆಯ ವ್ಯಾಪಾರ ಎಂದೇ ನನ್ನ ಅಭಿಪ್ರಾಯ.

ಸಾಮಾನ್ಯ ತಂತ್ರಾಂಶಗಳು ಗಾತ್ರ ಕುಗ್ಗಿಸುವಾಗ ಕೂಡಿಸುವುದಿಲ್ಲ, ಸರಾಸರಿ ತೆಗೆಯುತ್ತವೆ. 42ರ ಜಾಗದಲ್ಲಿ 10.5 ಬರುತ್ತದೆ. ಆಮೇಲೆ ನಾಲ್ಕರಿಂದ ಗುಣಿಸಿದರೂ ಫಲ ಒಂದೇ, ಆದರೆ ಆ ಅರ್ಧ ಉಳಿದಿರಬೇಕು. ಪೂರ್ಣ ಸಂಖ್ಯೆಗಳನ್ನಷ್ಟೇ ಇಡುವ 8 ಬಿಟ್‌ನಲ್ಲಿ 10.5ನ್ನು 11 ಮಾಡಿಬಿಟ್ಟರೆ ಗುಣಿಸಿದಾಗ 44 ಆಗುತ್ತದೆ, ಕತ್ತಲ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ಹಾಗಾಗಿ ನಡುವಿನ ಲೆಕ್ಕವನ್ನೆಲ್ಲ 16 ಬಿಟ್ ಅಥವಾ ಅದಕ್ಕೂ ಮೇಲಿನ ನಿಖರತೆಯಲ್ಲಿ ಇಡಿ.

ಹೊಸಬರು ಹೆಚ್ಚಾಗಿ ಎಡವುವುದು ಗಾಮಾ ಎಂಬಲ್ಲಿ. ವಿಡಿಯೊ ಫೈಲಿನಲ್ಲಿರುವ ಸಂಖ್ಯೆಗಳು ನೇರ ಬೆಳಕಿನ ಅಳತೆಗಳಲ್ಲ, ನಮ್ಮ ಕಣ್ಣಿಗೆ ಹೊಂದುವಂತೆ ಬಾಗಿಸಿದವು. ಗಾಮಾ 2.2 ಎಂದಿಟ್ಟುಕೊಂಡು ಆ ಸಂಖ್ಯೆಗಳನ್ನೇ ನಾಲ್ಕು ಪಟ್ಟು ಮಾಡಿದರೆ, ತೆರೆಯ ಮೇಲಿನ ಬೆಳಕು ಸುಮಾರು 21 ಪಟ್ಟಾಗುತ್ತದೆ! ಮೊದಲು ಬಾಗು ಬಿಚ್ಚಬೇಕು, ಆಮೇಲೆ ಕೂಡಿಸಬೇಕು, ಕೊನೆಗೆ ಮತ್ತೆ ಬಾಗಿಸಬೇಕು. ಉಚಿತವಾಗಿ ಸಿಗುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಝಡ್‌ಸ್ಕೇಲ್ ಎಂಬ ಫಿಲ್ಟರ್ ಬಾಗು ಬಿಚ್ಚುವುದನ್ನೂ ಗಾತ್ರ ಇಳಿಸುವುದನ್ನೂ ಮಾಡುತ್ತದೆ.

ಲಾಭ ಯಾವಾಗಲೂ ಲೆಕ್ಕದಷ್ಟೇ ಬರುವುದಿಲ್ಲ. ನಾಲ್ಕು ಪಿಕ್ಸೆಲ್‌ಗಳ ನಾಯ್ಸ್ ಒಂದಕ್ಕೊಂದು ಸಂಬಂಧವಿಲ್ಲದೆ ಇರಬೇಕು; ಮೊಬೈಲ್ ಮಾತ್ರ ವಿಡಿಯೊವನ್ನು ಒತ್ತಿ ಸಣ್ಣದು ಮಾಡುವಾಗಲೇ ಕತ್ತಲ ಭಾಗವನ್ನು ಸವರಿ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದೇ ಥರ ಮಾಡಿಬಿಟ್ಟಿರುತ್ತದೆ. ಬಣ್ಣವಂತೂ ಮೊದಲೇ ಅರ್ಧ ಅಗಲ, ಅರ್ಧ ಎತ್ತರದಲ್ಲಿ ದಾಖಲಾಗಿರುತ್ತದೆ. ಆದ್ದರಿಂದ ಬಣ್ಣದ ಮಚ್ಚೆಗಳಿಗೆ ಈ ವಿದ್ಯೆ ಹೆಚ್ಚು ನಾಟುವುದಿಲ್ಲ, ಅವಕ್ಕೆ ಬೇರೆ ನಾಯ್ಸ್ ಫಿಲ್ಟರ್ ಬೇಕು. 48 ಮೆಗಾಪಿಕ್ಸೆಲ್‌ನ ಹಲವು ಫೋನುಗಳು ನಾಲ್ಕನ್ನು ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುವುದೂ ಇದೇ ಉಪಾಯದಿಂದ, ಸೆನ್ಸರ್‌ನಲ್ಲಿಯೇ.

ತೇರಿನ ದೀಪಗಳನ್ನು ಮರೆಯಬೇಡಿ. ಅವು ಮೊದಲೇ ಬಿಳಿಯ ಅಂಚಿನಲ್ಲಿರುತ್ತವೆ. ನಾಲ್ಕು ಪಟ್ಟಾದರೆ ಬಣ್ಣ ಸತ್ತು ಬರೀ ಬಿಳಿ ಕಲೆಯಾಗುತ್ತವೆ. ತಂತ್ರಾಂಶದಲ್ಲಿ ಕರ್ವ್ (ಬೆಳಕಿನ ಮಟ್ಟಕ್ಕೆ ತಕ್ಕಂತೆ ಏರಿಸುವ ಗೆರೆ) ಎಳೆದು, ಮುಖಗಳಿರುವ ಕತ್ತಲ ಭಾಗಕ್ಕಷ್ಟೇ ಪೂರ್ತಿ ನಾಲ್ಕು ಪಟ್ಟು ಕೊಡಿ, ಬೆಳಕು ಹೆಚ್ಚಿದಂತೆ ಇಳಿಸುತ್ತ ಬನ್ನಿ. ಮೂಲ 4ಕೆ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ.