ಸ್ಲೈಡಿಗೂ ಮೊದಲು ರೋಗಿಯನ್ನು ತೋರಿಸಿ

ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಹೊಸದಾಗಿ ಪಾಠ ಮಾಡಲು ಬಂದಿರುವ ಕಿರಿಯರಿಗೆ ಒಂದಿಷ್ಟು ಕಿವಿಮಾತು. ನಮ್ಮ ಎಂಬಿಬಿಎಸ್ ಮಕ್ಕಳು ಸ್ಲೈಡುಗಳನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಸ್ಲೈಡಿನಲ್ಲಿರುವ ತುಂಡು ಯಾರ ಮೈಯಿಂದ ಬಂತು, ಯಾಕೆ ತೆಗೆದರು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಅದನ್ನು ತೋರಿಸಬೇಕಾದವರು ನಾವು.

• ಒಬ್ಬೊಬ್ಬ ವಿದ್ಯಾರ್ಥಿಗೂ ಒಬ್ಬ ರೋಗಿಯನ್ನು ಒಪ್ಪಿಸಿ. ನಮ್ಮ ನಾಡಿನಲ್ಲಿ ಇದಕ್ಕೆ ಬಾಯಿ ಕ್ಯಾನ್ಸರಿಗಿಂತ ಹೊಂದುವ ಕಾಯಿಲೆ ಇನ್ನೊಂದಿಲ್ಲ. ಗುಟ್ಕಾ, ಹೊಗೆಸೊಪ್ಪು ಒತ್ತರಿಸಿಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಕೆನ್ನೆಯೊಳಗೆ ಹುಣ್ಣೆದ್ದಿರುವುದನ್ನು ವಾರ್ಡಿನಲ್ಲಿ ಕಣ್ಣಾರೆ ಕಾಣಲಿ. ಬಾಯಿ ಎಷ್ಟು ಬೆರಳಗಲ ತೆರೆಯುತ್ತದೆ ಎಂದು ಅಳೆಯಲಿ, ಕುತ್ತಿಗೆಯ ಗಂಟುಗಳನ್ನು ಮುಟ್ಟಿ ನೋಡಲಿ. ಮುಂದೆ ಬಯಾಪ್ಸಿ, ಆಪರೇಷನ್, ರಿಪೋರ್ಟ್ ಎಲ್ಲಕ್ಕೂ ಆ ರೋಗಿಯ ಜೊತೆಗೇ ಸಾಗಲಿ.

• ರಿಕ್ವಿಸಿಷನ್ ಫಾರಂ ಬರೆಸಿ. ಈ ಮಕ್ಕಳಲ್ಲಿ ಬಹುಪಾಲು ಮಂದಿ ಪೆಥಾಲಜಿಗೆ ಬರುವವರಲ್ಲ; ಸರ್ಜನ್ನರೋ ತಾಲ್ಲೂಕು ಆಸ್ಪತ್ರೆಯ ವೈದ್ಯರೋ ಆಗಿ ನಮಗೆ ಸ್ಪೆಸಿಮೆನ್ ಕಳಿಸುವವರು. ವಯಸ್ಸು, ಚಟ, ಹುಣ್ಣಿನ ಜಾಗ, ಹಿಂದೆ ಪಡೆದ ಚಿಕಿತ್ಸೆ ಬರೆಯದಿದ್ದರೆ ಮೈಕ್ರೋಸ್ಕೋಪಿನ ಮುಂದೆ ಕುಳಿತವರಿಗೆ ಅರ್ಧ ಕಣ್ಣು ಕಟ್ಟಿದಂತೆಯೇ.

• ಫಾರ್ಮಲಿನ್ ಪಾಠ ಬಕೆಟ್ಟಿನ ಪಕ್ಕದಲ್ಲೇ ಆಗಬೇಕು. ಶೇ. 10ರ ಬಫರ್ಡ್ ಫಾರ್ಮಲಿನ್ ಅಂಗಾಂಶದೊಳಗೆ ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ ಇಳಿಯುತ್ತದೆ. ಸಣ್ಣ ಡಬ್ಬಿಗೆ ತುರುಕಿ ಕಳಿಸಿದ ಗರ್ಭಕೋಶ ಹೊರಗೆ ಗಟ್ಟಿಯಾಗಿ, ಒಳಗೆ ಕೊಳೆತಿರುತ್ತದೆ. ಕೊಯ್ದು ತೋರಿಸಿ. ಸ್ಪೆಸಿಮೆನ್ನಿನ ಹತ್ತು ಪಟ್ಟು ಫಾರ್ಮಲಿನ್ ಬೇಕೆಂಬ ಮಾತು ಆಮೇಲೆ ಯಾರಿಗೂ ಮರೆಯುವುದಿಲ್ಲ.

• ಗ್ರಾಸಿಂಗ್ ಮೇಜಿನ ಸುತ್ತ ಹತ್ತು ಜನರನ್ನು ನಿಲ್ಲಿಸಿದರೆ ಹಿಂದಿನವರಿಗೆ ಏನೂ ಕಾಣದು. ಇಬ್ಬರನ್ನೋ ಮೂವರನ್ನೋ ಕರೆಯಿರಿ. ಗ್ಲೌಸ್, ಏಪ್ರನ್ ಹಾಕಿಸಿ, ಗಾಳಿಯಾಡುವಂತೆ ನೋಡಿಕೊಳ್ಳಿ. ಮೊದಲ ಕೊಯ್ತಕ್ಕೆ ಅಪೆಂಡಿಕ್ಸ್, ಪಿತ್ತಕೋಶ ಸಾಕು. ಕ್ಯಾನ್ಸರಿನ ಸ್ಪೆಸಿಮೆನ್ ಮೇಲೆ ಚಾಕು ನಿಮ್ಮ ಕೈಯಲ್ಲೋ ಪಿಜಿಯ ಕೈಯಲ್ಲೋ ಇರಲಿ, ಅಲ್ಲಿ ತಪ್ಪಿ ಕೊಯ್ದದ್ದನ್ನು ಮತ್ತೆ ಜೋಡಿಸಲಾಗದು. ಆದರೆ ಸರ್ಜನ್ ಹಾಕಿದ ಹೊಲಿಗೆ ನೋಡಿ ಮೇಲು ಯಾವುದು, ಮುಂದು ಯಾವುದು ಎಂದು ವಿದ್ಯಾರ್ಥಿಯೇ ಹೇಳಲಿ, ಅಂಚಿಗೆ ಇಂಕ್ ಹಚ್ಚಲಿ. ದೊಡ್ಡ ಕರುಳಿನ ಸ್ಪೆಸಿಮೆನ್ ಬಂದರೆ ಬಿಡಬೇಡಿ. ಕೊಬ್ಬನ್ನು ಬೆರಳುಗಳ ನಡುವೆ ಸವರುತ್ತಾ ಲಿಂಫ್ ಗ್ರಂಥಿ ಹುಡುಕಲು ಹೇಳಿ. ಕನಿಷ್ಠ 12 ಪರೀಕ್ಷಿಸಬೇಕು ಎಂದು ಪುಸ್ತಕದಲ್ಲಿ ಓದುವುದಕ್ಕೂ ಎಂಟಕ್ಕೇ ಕೈಸೋತಾಗ ಮತ್ತೆ ಹುಡುಕುವುದಕ್ಕೂ ಬಹಳ ಅಂತರ.

• ಅರ್ಧ ದಿನ ಟೆಕ್ನಿಷಿಯನ್ ಬಳಿ ಕೂರಿಸಿ. ಮೈಕ್ರೊಟೋಮಿನಲ್ಲಿ 3–5 ಮೈಕ್ರಾನಿನ ರಿಬ್ಬನ್ ತೆಗೆಯುವ ಕೈಚಳಕಕ್ಕೆ ಗೌರವ ಅಲ್ಲೇ ಹುಟ್ಟುತ್ತದೆ.

• ಬಾಯಿ ಕ್ಯಾನ್ಸರಿನ ಆ ರೋಗಿಯ ರಿಪೋರ್ಟ್ ಸಹಿಯಾಗುವ ದಿನ, ನೀವು ರೋಗಿಯನ್ನು ಒಪ್ಪಿಸಿದ ವಿದ್ಯಾರ್ಥಿಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಅವನೇ ಅಳೆಯಲಿ, 5 ಮಿ.ಮೀ., 10 ಮಿ.ಮೀ. ದಾಟಿದರೆ ಹಂತ ಬದಲಾಗುತ್ತದೆ ಎಂಬುದು ಆಗ ಅಂಕಿಯಾಗಿ ಉಳಿಯುವುದಿಲ್ಲ. ಬಳಿಕ ಟ್ಯೂಮರ್ ಬೋರ್ಡಿಗೆ ಕರೆದೊಯ್ಯಿರಿ. ರೇಡಿಯೇಷನ್ ಬೇಕೇ ಬೇಡವೇ ಎಂದು ಚರ್ಚೆ ನಡೆಯುವಾಗ ಅಂಚಿನ ಅಳತೆಯನ್ನು, ಗ್ರಂಥಿಗಳ ಲೆಕ್ಕವನ್ನು ನೀವು ಹೇಳಬೇಡಿ. ಆ ರೋಗಿಯನ್ನು ಬಲ್ಲ ವಿದ್ಯಾರ್ಥಿ ಎದ್ದುನಿಂತು ಹೇಳಲಿ.